ಹಿನ್ನೀರಿನ ಅಂಚಿನ ಬಾತುಗಳು

ಬಾತುಕೋಳಿ ಕೋಳಿಯಲ್ಲ. ನಾಮದ ಕೋಳಿ ಕೋಳಿಯೂ ಅಲ್ಲ, ಬಾತೂ ಅಲ್ಲ. ನೀರುಕಾಗೆಗೂ ಕಾಗೆಗೂ ಏನೂ ಸಂಬಂಧವಿಲ್ಲ. ಹಿರಿಯರು ನೀರಿನ ಮೇಲೆ ಕಂಡ ಹಕ್ಕಿಗೆ ಅಂಗಳದ ಹಕ್ಕಿಯ ಹೆಸರನ್ನೇ ಸಾಲ ಕೊಟ್ಟುಬಿಟ್ಟಿದ್ದಾರೆ. ಆ ಸಾಲ ಇನ್ನೂ ತೀರಿಲ್ಲ. ನಮ್ಮ ಕಡೆ ಮರಾಠಿಯ ನಂಟಿನಿಂದ ಬಾತುಕೋಳಿಗೆ ‘ಬದಕ’ ಎನ್ನುವವರೂ ಇದ್ದಾರೆ.

ನಮ್ಮ ಕಡೆ ಎಂದರೆ ಬಾಗಲಕೋಟೆ ಜಿಲ್ಲೆಯ ಪಡುವಣ ಭಾಗ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ಊರುಗಳ ಹೆಸರು ಹೇಳಿದರೆ ಹೊರಗಿನವರಿಗೆ ಕಬ್ಬು, ಬೆಲ್ಲ, ಕೈಮಗ್ಗದ ಸೀರೆ, ಮುಧೋಳ ನಾಯಿ ನೆನಪಾಗುತ್ತವೆ. ಹಕ್ಕಿ ನೋಡಲು ಬನ್ನಿ ಎಂದು ಕರೆದರೆ ‘ಅಲ್ಲೇನಿದೆ?’ ಎನ್ನುತ್ತಾರೆ. ನಕಾಶೆ ತೆಗೆದು ನೋಡಿ ಮಕ್ಕಳೇ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಎರಡೂ ಪೂರ್ವಕ್ಕೆ ಹರಿದು ಬೀಳಗಿ ತಾಲೂಕು ದಾಟುವಾಗ ಚಿಕ್ಕಸಂಗಮದಲ್ಲಿ ಒಂದಾಗುತ್ತವೆ. ಅದರ ಮುಂದೆ ಆಲಮಟ್ಟಿ ಅಣೆಕಟ್ಟು. ಈ ಎರಡು ಹೊಳೆಗಳ ನಡುವಿನ ನಾಲಿಗೆಯಂಥ ನೆಲವೇ ನಮ್ಮ ಸೀಮೆ.

ನಾನು ಚಿಕ್ಕವನಿದ್ದಾಗ ಬೇಸಿಗೆಯ ಕೃಷ್ಣೆಯಲ್ಲಿ ಇಷ್ಟು ನೀರು ಇರುತ್ತಿರಲಿಲ್ಲ. ಏಪ್ರಿಲ್ ಬಂತೆಂದರೆ ಹೊಳೆ ಸೊರಗಿ ಒಂದು ಬದಿಗೆ ಸರಿಯುತ್ತಿತ್ತು. ಉಳಿದದ್ದೆಲ್ಲ ಉಸುಕು. ಉಸುಕಿನಲ್ಲಿ ಒರತೆ ತೋಡಿ ಕೊಡ ತುಂಬಿಸಿಕೊಳ್ಳುತ್ತಿದ್ದರು. ಈಗ ಅದೇ ಹೊಳೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ. ನೀರು ನಿಂತಲ್ಲಿಗೆ ಬಾತುಗಳು ಬಂದವು. ಆ ನೀರು ಸುಮ್ಮನೆ ಬಂದದ್ದಲ್ಲ. ಅದರ ಲೆಕ್ಕವನ್ನೂ ಈ ಬರಹದಲ್ಲಿ ಸ್ವಲ್ಪ ಬಿಚ್ಚಬೇಕಾಗಿದೆ. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಲೆಕ್ಕ ಬಿಟ್ಟು ಬರೆಯಲು ಬರುವುದಿಲ್ಲ.

ಸಂಕ್ರಾಂತಿಗೆ ಮೊಮ್ಮಕ್ಕಳಿಬ್ಬರು ಬಂದಿದ್ದರು. ಮೊಮ್ಮಗಳು ಆರನೇ ತರಗತಿ, ಮೊಮ್ಮಗ ಮೂರನೇ ತರಗತಿ. ಅವರಿಗೆ ಎರಡು ದಿನ ನಮ್ಮ ಸೀಮೆಯ ನೀರಹಕ್ಕಿ ತೋರಿಸುವುದೆಂದು ತೀರ್ಮಾನವಾಯಿತು. ಅಜ್ಜಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಉಳಿದಿದ್ದ ಎಳ್ಳು-ಬೆಲ್ಲ ಕಟ್ಟಿಕೊಟ್ಟಳು. ತಾನು ಬರುವುದಿಲ್ಲವೆಂದಳು. “ಹಕ್ಕಿ ನನಗ ಮನೀ ಮಾಳಗಿ ಮ್ಯಾಲೆ ಬರ್ತಾವು, ನಾ ಯಾಕ ಅವುಗಳ ಮನಿಗೆ ಹೋಗಲಿ?” ಎಂಬುದು ಅವಳ ವಾದ.

ಮೊದಲ ದಿನ ನಸುಕಿನಲ್ಲಿ ರಬಕವಿಯ ಹೊಳೆ ದಂಡೆಗೆ ಹೋದೆವು. ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಇನ್ನೂ ಶುರುವಾಗಿರಲಿಲ್ಲ. ಕೆಳಗೆ ಹಿಪ್ಪರಗಿ ಬ್ಯಾರೇಜು ನೀರನ್ನು ಹಿಡಿದಿಡುವುದರಿಂದ ಇಲ್ಲಿ ಹೊಳೆ ಚಳಿಗಾಲದಲ್ಲಿ ಕೆರೆಯಂತೆ ಅಗಲವಾಗಿ, ಅಲುಗಾಡದೆ ನಿಂತಿರುತ್ತದೆ. ಮಂಜು ಸರಿಯುತ್ತಿದ್ದಂತೆ ನಡುನೀರಿನಲ್ಲಿ ಕಪ್ಪು ಚುಕ್ಕೆಗಳು ಕಂಡವು.

“ಅಜ್ಜಾ, ಬದಕ!” ಎಂದ ಹುಡುಗ.

ಬದಕ ಅಲ್ಲ, ನಾಮದ ಕೋಳಿ. ಮೈಯೆಲ್ಲ ಮಸಿ ಬಳಿದಂತೆ ಕಪ್ಪು. ಕೊಕ್ಕು ಮತ್ತು ಹಣೆ ಮಾತ್ರ ಬೆಳ್ಳಗೆ. ಆ ಬಿಳಿಯನ್ನು ನೋಡಿಯೇ ‘ನಾಮ’ ಎಂದರು. ಇದರ ಕಾಲನ್ನು ಹತ್ತಿರದಿಂದ ನೋಡಿದರೆ ಗುಟ್ಟು ತಿಳಿಯುತ್ತದೆ. ಬಾತಿನ ಮುಂದಿನ ಮೂರು ಬೆರಳುಗಳ ನಡುವೆ ಚರ್ಮದ ಪರದೆ ಇರುತ್ತದೆ. ನಾಮದ ಕೋಳಿಗೆ ಪರದೆ ಇಲ್ಲ. ಒಂದೊಂದು ಬೆರಳಿನ ಅಂಚಿಗೂ ಎಲೆಯಂಥ ಚರ್ಮದ ಮಡಿಕೆಗಳು ಬೇರೆಬೇರೆಯಾಗಿ ಇರುತ್ತವೆ. ದೂರದಿಂದ ಗುರುತಿಸಬೇಕೆಂದರೆ ಅದು ಏಳುವುದನ್ನು ಕಾಯಬೇಕು. ನಾಮದ ಕೋಳಿ ಬಸ್ಸು ತಪ್ಪಿದವನಂತೆ ನೀರಿನ ಮೇಲೆ ಪಟಪಟ ಓಡಿ ಓಡಿ ಆಮೇಲೆ ಹಾರುತ್ತದೆ. ದಂಡೆಯ ತೆಳುನೀರಿನಲ್ಲಿ ಮೇಯುವ ಬಾತುಗಳು ನಿಂತಲ್ಲಿಂದಲೇ ಚಿಮ್ಮಿ ಮೇಲೇಳುತ್ತವೆ.

ಸ್ವಲ್ಪ ಹೊತ್ತಿಗೆ ನಿಜವಾದ ಬಾತುಗಳೂ ಸಿಕ್ಕವು, ಜೊಂಡಿನ ಪಕ್ಕ ನಾಲ್ಕು. ಕಪ್ಪು ಕೊಕ್ಕು, ಅದರ ತುದಿಗೆ ಅರಿಶಿನ ಹಚ್ಚಿದಂಥ ಹಳದಿ, ಬುಡದಲ್ಲಿ ಕುಂಕುಮದ ಬೊಟ್ಟು, ಕಿತ್ತಳೆ ಕಾಲು. ಇದು ಚುಕ್ಕೆ ಕೊಕ್ಕಿನ ಬಾತು. ವಲಸೆ ಬರುವ ಹಕ್ಕಿಯಲ್ಲ, ನಮ್ಮಲ್ಲೇ ಹುಟ್ಟಿ ನಮ್ಮಲ್ಲೇ ಮರಿ ಮಾಡುವಂಥದ್ದು. ತಲೆ ಕೆಳಗೆ, ಬಾಲ ಮೇಲೆ ಮಾಡಿ ಅವು ಮೇಯುವುದನ್ನು ನೋಡಿ ಹುಡುಗ ನಕ್ಕೂ ನಕ್ಕೂ ಸುಸ್ತಾದ. ಹಾಗೆ ಮೇಯಬೇಕಾದರೆ ಕುತ್ತಿಗೆ ಚಾಚಿದಾಗ ತಳ ಸಿಗಬೇಕು. ಅಂದರೆ ಮೊಣಕಾಲು ಮಟ್ಟದ ನೀರು ಅಥವಾ ಅದಕ್ಕೂ ಕಡಿಮೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಬೀಳಗಿಯಲ್ಲಿ ಬೇಕಾಗುತ್ತದೆ.

ದಂಡೆಯ ಒಣ ಮರದ ಮೇಲೆ ನೀರುಕಾಗೆಯೊಂದು ಎರಡೂ ರೆಕ್ಕೆ ಬಿಚ್ಚಿ, ತೊಳೆದ ಅಂಗಿ ಹರವಿದಂತೆ ನಿಂತಿತ್ತು. ಬಾತು ಯಾಕೆ ಹಾಗೆ ಒಣಗಿಸಿಕೊಳ್ಳುವುದಿಲ್ಲ ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬಾತಿನ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಇದೆ. ಕೊಕ್ಕಿನಿಂದ ಆ ಎಣ್ಣೆ ತೆಗೆದು ಗರಿಗರಿಗೂ ಸವರಿಕೊಳ್ಳುತ್ತದೆ. ಗರಿಯ ಎಳೆಗಳು ಒಂದಕ್ಕೊಂದು ಚೀಲದ ಜಿಪ್ಪಿನಂತೆ ಕೊಂಡಿ ಹಾಕಿಕೊಂಡಿರುತ್ತವೆ. ಅದರೊಳಗೆ ನೀರು ಇಳಿಯುವುದಿಲ್ಲ, ಒಳಗಿನ ಗಾಳಿ ಬಾತನ್ನು ತೇಲಿಸುತ್ತದೆ. ನೀರುಕಾಗೆಯ ಹೊರಗರಿ ನೆನೆಯುತ್ತದೆ. ಅದಕ್ಕೆ ಅದು ಲಾಭವೇ. ನೆನೆದು ಭಾರವಾದರೆ ಮೀನಿನ ಹಿಂದೆ ಸುಲಭವಾಗಿ ಮುಳುಗಬಹುದು. ಆಮೇಲೆ ಬಿಸಿಲಿಗೆ ನಿಲ್ಲಬೇಕು, ಅಷ್ಟೇ.

ಅಲ್ಲಿಂದ ಮಹಾಲಿಂಗಪುರದ ಮೇಲೆ ಮುಧೋಳಕ್ಕೆ. ದಾರಿಯುದ್ದ ಕಬ್ಬಿನ ಟ್ರ್ಯಾಕ್ಟರುಗಳು. ಒಂದನ್ನು ದಾಟುವಷ್ಟರಲ್ಲಿ ಇನ್ನೊಂದು. ಕಬ್ಬಿನ ಸೀಮೆಯಾದ್ದರಿಂದ ನಮ್ಮಲ್ಲಿ ಸಾಕುಬಾತು ಕಡಿಮೆ. ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಗದ್ದೆಗಳಿವೆ. ಅಲ್ಲಿ ಸುಗ್ಗಿ ಮುಗಿದ ಮೇಲೆ ಬಾತುಗಳ ದೊಡ್ಡ ಹಿಂಡು ಹೊಡೆದುಕೊಂಡು ಊರಿಂದೂರಿಗೆ ತಿರುಗುವವರಿದ್ದಾರೆ. ಗದ್ದೆಯಲ್ಲಿ ಉದುರಿದ ಕಾಳು, ಹುಳ, ಬಸವನಹುಳು ಎಲ್ಲ ಅವುಗಳ ಪಾಲು. ಕಬ್ಬಿನ ಹೊಲದಲ್ಲಿ ಬಾತು ಏನು ಮಾಡೀತು?

ಆದರೂ ಮುಧೋಳದ ಹತ್ತಿರ ಪರಿಚಯದವರ ತೋಟದಲ್ಲಿ ಐದು ಬಾತುಗಳಿವೆ. ತೋಟದ ಯಜಮಾನತಿಗೆ ನಾನು ಅಕ್ಕಾ ಎನ್ನುತ್ತೇನೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ. ಅವರು ಮಕ್ಕಳನ್ನು ಕೃಷಿ ಹೊಂಡದ ಬಳಿ ಕರೆದುಕೊಂಡು ಹೋದರು.

“ಇವುಕ್ಕ ತಾಯಿ ಯಾರು ಗೊತ್ತೇನು? ನಮ್ಮ ಕೆಂಪು ಕೋಳಿ!”

ನಗೆಯ ಮಾತಲ್ಲ. ಮೊಟ್ಟೆಗಾಗಿಯೇ ಬೆಳೆಸಿದ ಸಾಕುಬಾತುಗಳು ಬಹುಮಟ್ಟಿಗೆ ಕಾವು ಕೂರುವುದನ್ನೇ ಮರೆತುಬಿಟ್ಟಿವೆ. ಅದಕ್ಕೇ ಹಳ್ಳಿಗಳಲ್ಲಿ ಬಾತಿನ ಮೊಟ್ಟೆಯನ್ನು ಕಾವಿಗೆ ಕೂತ ಕೋಳಿಯ ಕೆಳಗೆ ಇಡುತ್ತಾರೆ. ಕೋಳಿಮೊಟ್ಟೆ 21 ದಿನಕ್ಕೆ ಒಡೆದರೆ ಬಾತಿನದ್ದು 28 ದಿನಕ್ಕೆ. ಆ ಹೆಚ್ಚಿನ ಏಳು ದಿನ ಕೋಳಿ ತಾಳ್ಮೆಯಿಂದ ಕೂರಬೇಕು. ಕೂತಿತಂತೆ. ಮರಿಗಳು ಹೊರಬಂದು ಮೊದಲ ಸಲ ನೀರಿಗೆ ಇಳಿದಾಗ ಮಾತ್ರ ದಂಡೆಯ ಮೇಲೆ ಕೋಳಿ ಮಾಡಿದ ಗಲಾಟೆಗೆ ಪಕ್ಕದ ತೋಟದವರೂ ಓಡಿ ಬಂದಿದ್ದರಂತೆ. “ನಾಕ ದಿನ ಹೊಯ್ಕೊಂಡ್ತು, ಆಮ್ಯಾಲೆ ಬಿಟ್ಟ ಬಿಡ್ತು. ಮಕ್ಕಳು ದೊಡ್ಡವಾದ ಮ್ಯಾಲೆ ನಾವೂ ಬಿಡೂದಿಲ್ಲೇನು?” ಎಂದರು ಅಕ್ಕ, ನನ್ನ ಕಡೆ ನೋಡಿ. ಅವರ ಇಬ್ಬರು ಮಕ್ಕಳೂ ಪುಣೆಯಲ್ಲಿದ್ದಾರೆ.

ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ಮರಿಗಳು ಮೇಲೆ ಹತ್ತಲಾರದೆ ದಣಿದು ಸಾಯುತ್ತವೆ. ಅದಕ್ಕಾಗಿ ಒಂದು ಮೂಲೆಯಲ್ಲಿ ಗೋಣಿತಾಟು ಕಟ್ಟಿ ಇಳಿಬಿಟ್ಟಿದ್ದರು. ಹೊಂಡ ಇರುವವರು ಬಾತು ಇಲ್ಲದಿದ್ದರೂ ಹೀಗೊಂದು ತಾಟು ಇಳಿಬಿಡುವುದು ಒಳ್ಳೆಯದು. ಅಳಿಲು, ಓತಿಕ್ಯಾತ, ಕೆಲವೊಮ್ಮೆ ನಾಯಿಮರಿಯೂ ಅದರಿಂದ ಬದುಕುತ್ತವೆ.

ಸಾಕುಬಾತುಗಳ ಮೂಲ ಹುಡುಕಿದರೆ ಹಸಿರು ತಲೆಯ ಮಲ್ಲಾರ್ಡ್ ಎಂಬ ಕಾಡುಬಾತು ಸಿಗುತ್ತದೆ. ಖಾಕಿ, ಬಿಳಿ, ಕಪ್ಪು, ಯಾವ ಬಣ್ಣದ್ದೇ ಇರಲಿ, ಹೆಚ್ಚುಕಡಿಮೆ ಎಲ್ಲವೂ ಅದರ ಸಂತಾನ. ಪುರಾವೆ ಬೇಕೆ? ಗಂಡುಬಾತಿನ ಬಾಲದ ಮೇಲೆ ಮೀಸೆ ತಿರುವಿದಂತೆ ಮೇಲಕ್ಕೆ ಸುತ್ತಿಕೊಂಡ ಒಂದೆರಡು ಗರಿ ಇರುತ್ತವೆ. ಮಲ್ಲಾರ್ಡಿನ ಗಂಡಿಗೂ ಹಾಗೆಯೇ. ಮಕ್ಕಳು ಐದರಲ್ಲಿ ಗಂಡು ಯಾವುದೆಂದು ಬಾಲ ನೋಡಿ ತಕ್ಷಣ ಹಿಡಿದರು. ಕೂಗಿನಿಂದಲೂ ಹಿಡಿಯಬಹುದು: ‘ಕ್ವಾಕ್ ಕ್ವಾಕ್’ ಎಂದು ಊರಿಗೆ ಕೇಳುವಂತೆ ಕೂಗುವುದು ಹೆಣ್ಣು. ಗಂಡಿನ ದನಿ ನೆಗಡಿಯಾದವರಂತೆ ಮೆತ್ತಗೆ. ಮಲ್ಲಾರ್ಡ್ ವಂಶಕ್ಕೆ ಸೇರದ ಒಂದೇ ಒಂದು ಸಾಕುಬಾತು ಎಂದರೆ ಮಸ್ಕೊವಿ. ಕೆಂಪು ಗಂಟುಗಂಟಿನ ಮುಖದ ಅದು ದಕ್ಷಿಣ ಅಮೆರಿಕದ ಕಡೆಯದ್ದು, ಅದರ ಮೊಟ್ಟೆಗೆ 35 ದಿನ ಕಾವು ಬೇಕು.

ಅಕ್ಕನ ಬಾತುಗಳು ಖಾಕಿ ಕ್ಯಾಂಪ್‌ಬೆಲ್ ತಳಿಯವು. ಇಂಗ್ಲೆಂಡಿನಲ್ಲಿ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಕ್ಯಾಂಪ್‌ಬೆಲ್ ಎಂಬ ಗೃಹಿಣಿ ತಮ್ಮ ಹಿತ್ತಲಲ್ಲಿ ಬೇರೆಬೇರೆ ಬಾತುಗಳನ್ನು ಕೂಡಿಸಿ ಬೆಳೆಸಿದ ತಳಿ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 300ರಷ್ಟು ಮೊಟ್ಟೆ ಇಡುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯಲ್ಲಿ ಬಾತುಗಳನ್ನೂ ಬೆಳೆಸುತ್ತಾರೆ.

ಮುಧೋಳಕ್ಕೆ ಹೋಗಿ ರನ್ನನನ್ನು ನೆನೆಯದೆ ಬರುವುದುಂಟೆ? ಹತ್ತನೆಯ ಶತಮಾನದ ಕವಿ, ಬಳೆಗಾರರ ಮನೆಯ ಹುಡುಗ, ಅವನ ಊರು ಮುದುವೊಳಲು ಎಂದರೆ ಇದೇ ಮುಧೋಳ. ಅವನ ಗದಾಯುದ್ಧದಲ್ಲಿ ದುರ್ಯೋಧನ ಹೋಗಿ ಅಡಗುವುದು ವೈಶಂಪಾಯನ ಸರೋವರದಲ್ಲಿ. ನಮ್ಮ ಹಳೆಯ ಕವಿಗಳಿಗೆ ಸರೋವರ ಎಂದರೆ ಹಂಸ ಬೇಕು, ಚಕ್ರವಾಕ ಬೇಕು. ಹಗಲೆಲ್ಲ ಜೊತೆಗಿದ್ದು ರಾತ್ರಿಯಾದರೆ ಅಗಲಿ, ಆಚೆ ದಡ ಈಚೆ ದಡದಿಂದ ಒಂದನ್ನೊಂದು ಕರೆಯುವ ಜೋಡಿ ಹಕ್ಕಿ ಚಕ್ರವಾಕ. ಇದು ಕವಿಗಳ ಕಲ್ಪನೆಯ ಹಕ್ಕಿ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದೂ ಒಂದು ಬಾತು. ಅದನ್ನು ಮರುದಿನ ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟೆ. ಹಕ್ಕಿಯ ಪರವಾಗಿ ಮಾತು ಕೊಡುವುದು ಜಾಮೀನು ಹಾಕಿದಷ್ಟೇ ಅಪಾಯದ ಕೆಲಸ!

ಎರಡನೆಯ ದಿನ ಜಮಖಂಡಿಯಿಂದ ಮೊದಲು ಚಿಕ್ಕಪಡಸಲಗಿಗೆ ಹೋದೆವು. ಬಾತು ನೋಡುವುದಕ್ಕಿಂತ ಹೆಚ್ಚಾಗಿ ಅಲ್ಲಿನ ಬ್ಯಾರೇಜನ್ನು ಮಕ್ಕಳಿಗೆ ತೋರಿಸಬೇಕಿತ್ತು. 1989ರಲ್ಲಿ ಕೃಷ್ಣಾ ತೀರದ ರೈತರು ಸರ್ಕಾರಕ್ಕೆ ಕಾಯದೆ ತಾವೇ ಹಣ ಕೂಡಿಸಿ, ತಾವೇ ದುಡಿದು ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜು ಇದು. ಮುಂದಾಳಾಗಿದ್ದವರು ಸಿದ್ದು ನ್ಯಾಮಗೌಡರು. ಮುಂದೆ ಅವರು ಸಂಸದರೂ ಶಾಸಕರೂ ಆದರು. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಈ ನೀರಿಗೆ ಶ್ರಮಬಿಂದು ಸಾಗರ ಎಂದು ಹೆಸರು. ಬೆವರಿನ ಹನಿಯ ಸಾಗರ. ಬೇಸಿಗೆಯ ಒರತೆ ನೋಡಿದ ನನ್ನಂಥವರಿಗೆ ಆ ಹೆಸರು ದೊಡ್ಡ ಮಾತೆನಿಸುವುದಿಲ್ಲ.

ಆ ರೈತರು ಬಾತುಗಳಿಗಾಗಿ ಕಟ್ಟಲಿಲ್ಲ, ನಿಜ. ಆದರೆ ನೀರಿನ ಅಂಚಿನಲ್ಲಿ ಟಿಟ್ಟಿಭ ಕೂಗುತ್ತಿತ್ತು. ಗುಳುಮುಳುಕ ಎಂಬ ಗಿಡ್ಡ ಹಕ್ಕಿ ಮುಳುಗಿ ಎಲ್ಲೋ ಏಳುತ್ತಿತ್ತು. ಅದು ಎಲ್ಲಿ ಏಳುತ್ತದೆಂದು ಮಕ್ಕಳು ಎಳ್ಳುಂಡೆ ಪಂಥ ಕಟ್ಟಿದರು. ಹುಡುಗ ಮೂರು ಉಂಡೆ ಸೋತ.

ಮಧ್ಯಾಹ್ನ ಬೀಳಗಿ ದಾಟಿ ಹಿನ್ನೀರಿಗೆ. ವಿಜಯಪುರದಿಂದ ಬರುವ ಹೆದ್ದಾರಿ ಕೊಲ್ಹಾರ-ಕೊರ್ತಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ, ಮುಂದೆ ಅನಗವಾಡಿಯ ಬಳಿ ಘಟಪ್ರಭೆಯನ್ನು ದಾಟುತ್ತದೆ. ಈ ಎರಡು ಸೇತುವೆಗಳ ನಡುವೆ, ಪೂರ್ವಕ್ಕೆ ಸಂಗಮದವರೆಗೆ, ಆಲಮಟ್ಟಿಯ ಹಿನ್ನೀರು ಸಮುದ್ರದಂತೆ ಹರಡಿದೆ. ಮಳೆಗಾಲದಲ್ಲಿ ಜಲಾಶಯ ತುಂಬುತ್ತದೆ. ಚಳಿಗಾಲದಲ್ಲಿ ಕಾಲುವೆಗಳಿಗೆ ನೀರು ಹರಿದಂತೆ ಮಟ್ಟ ನಿಧಾನವಾಗಿ ಇಳಿಯುತ್ತದೆ. ಎರೆಮಣ್ಣಿನ ನೆಲ ಇಲ್ಲಿ ಬಹಳ ಸಪಾಟು. ನೀರು ಒಂದು ಅಡಿ ಇಳಿದರೆ ದಂಡೆ ಎಷ್ಟೋ ದೂರ ಹಿಂದೆ ಸರಿಯುತ್ತದೆ. ಬಿಟ್ಟುಹೋದ ಜಾಗದಲ್ಲಿ ಹಸಿ ಕೆಸರು, ಕೆಸರಿನಲ್ಲಿ ಹುಳ, ಚಿಗುರು ಹುಲ್ಲು. ಅದರ ಪಕ್ಕ ಮೊಣಕಾಲು ಮಟ್ಟದ ನೀರು. ರಬಕವಿಯಲ್ಲಿ ಹೇಳಿದ್ದು ನೆನಪಿದೆಯಲ್ಲ? ಬಾತಿಗೆ ಬೇಕಾದದ್ದು ದೊಡ್ಡ ಜಲಾಶಯವಲ್ಲ, ಅದರ ಈ ತೆಳ್ಳನೆಯ ಅಂಚು.

ಆ ಅಂಚಿನಲ್ಲಿ ಆ ಸಂಜೆ ಪಟ್ಟೆತಲೆ ಹೆಬ್ಬಾತುಗಳು ಕೂತಿದ್ದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗಕ್ಕೆ ಅಡ್ಡಲಾಗಿ ಎರಡು ಕಪ್ಪು ಪಟ್ಟೆ. ನೋಡಲು ಶಾಂತ ಹಕ್ಕಿ. ಆದರೆ ಇದು ಬಂದ ದಾರಿ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮಂಗೋಲಿಯ, ಟಿಬೆಟ್, ಲಡಾಖಿನ ಸರೋವರಗಳ ಬಳಿ ಮರಿ ಮಾಡಿ, ಚಳಿ ಶುರುವಾದಾಗ ಹಿಮಾಲಯ ಹಾರಿ ದಾಟಿ ನಮ್ಮ ಕಡೆ ಬರುತ್ತದೆ. ವಿಜ್ಞಾನಿಗಳು ಬೆನ್ನಿಗೆ ಚಿಕ್ಕ ಯಂತ್ರ ಕಟ್ಟಿ ಅಳೆದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿ ಗಾಳಿ ಅಷ್ಟು ತೆಳು. ಮನುಷ್ಯ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹೆಬ್ಬಾತಿನ ರಕ್ತಕ್ಕೆ ತೆಳುಗಾಳಿಯಿಂದಲೂ ಆಮ್ಲಜನಕ ಹೀರಿಕೊಳ್ಳುವ ಶಕ್ತಿ ಹೆಚ್ಚು. ಜಾಣತನವೂ ಇದೆ: ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ ಹಾರುತ್ತದೆ. ತಂಪು ಗಾಳಿ ದಟ್ಟವಾಗಿರುವುದರಿಂದ ರೆಕ್ಕೆಗೆ ಆಸರೆ ಹೆಚ್ಚು ಸಿಗುತ್ತದೆ. ಮಂಗೋಲಿಯದಲ್ಲಿ ಕುತ್ತಿಗೆಗೆ ಹಸಿರು ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ ಈ ಹೆಬ್ಬಾತುಗಳಿಂದಲೇ ಪ್ರಸಿದ್ಧ. 2024ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು.

“ಪಾಸ್‌ಪೋರ್ಟ್ ಬೇಡವಾ?” ಎಂದು ಕೇಳಿದ ಹುಡುಗ. ಬೇಡ, ಆದರೆ ಬಂದಲ್ಲಿ ಜಾಗ ಬೇಕು.

ಅವುಗಳಾಚೆ ಎರಡೆರಡಾಗಿ ಕೂತಿದ್ದ ಕಾವಿ ಬಣ್ಣದ ಬಾತುಗಳನ್ನು ದುರ್ಬೀನಿನಲ್ಲಿ ಮೊದಲು ಕಂಡವಳು ಮೊಮ್ಮಗಳು. ನನ್ನ ಜಾಮೀನು ಉಳಿಯಿತು. ಅದೇ ಚಕ್ರವಾಕ. ಮೈ ಕಾವಿ, ತಲೆ ಸ್ವಲ್ಪ ತಿಳಿ, ಹಾರಿದಾಗ ರೆಕ್ಕೆಯಲ್ಲಿ ದೊಡ್ಡ ಬಿಳಿ ತೇಪೆ. ಇದೂ ಟಿಬೆಟ್, ಲಡಾಖ್, ಮಧ್ಯ ಏಷ್ಯಾದ ಕಡೆಯಿಂದ ಬರುವುದು. ಹೊತ್ತು ಮುಳುಗಿದ ಮೇಲೆ ಒಂದು ‘ಆಂಗ್’ ಎಂದಿತು. ದೂರದಿಂದ ಇನ್ನೊಂದು ‘ಆಂಗ್’ ಎಂದಿತು. ರಾತ್ರಿ ಮೇಯಲು ಹೋಗುವಾಗ ಜೋಡಿ ಸ್ವಲ್ಪ ಅಗಲಿ, ಕೂಗುತ್ತಾ ಒಂದರ ಸುಳಿವು ಇನ್ನೊಂದು ಇಟ್ಟುಕೊಳ್ಳುತ್ತವೆ. ಕವಿಗಳು ಹೇಳಿದ್ದು ಪೂರಾ ಸುಳ್ಳೇನಲ್ಲ. ಕೆಲವು ವರ್ಷ ಈ ಹಿನ್ನೀರಿಗೆ ರಾಜಹಂಸಗಳೂ ಬರುತ್ತವೆ. ನಮಗೆ ಆ ದಿನ ಸಿಗಲಿಲ್ಲ.

ಹತ್ತಿರದಲ್ಲೇ ಕಡಲೆ ಹೊಲಕ್ಕೆ ಕಾವಲು ಬಂದಿದ್ದ ಹಿರಿಯರೊಬ್ಬರು ನಮ್ಮ ದುರ್ಬೀನು ನೋಡಿ ಬಂದರು. ನನ್ನ ವಯಸ್ಸಿನವರೇ.

“ಏನ್ ನೋಡಾಕ ಬಂದೀರಿ ಸರ?”

“ಹಕ್ಕಿ ನೋಡಾಕ್ರೀ. ನೀವು ಇಲ್ಲಿಯವರೇನ್ರೀ?”

“ಇಲ್ಲಿಯವರ. ಅಲ್ಲಿ ಹಕ್ಕಿ ಕುಂತಾವಲ್ಲ, ಅದ ನಮ್ಮ ಹೊಲ ಇತ್ತರೀ. ನಾಕ ಎಕರೆ. ಬಿಳಿಜ್ವಾಳ ಬೆಳಿತಿತ್ತು.”

ಮೊಮ್ಮಗಳು ದುರ್ಬೀನು ಕೆಳಗಿಳಿಸಿ ಅವರನ್ನೇ ನೋಡಿದಳು. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಅಣೆಕಟ್ಟು ನಾಡಿಗೆ ಅರ್ಪಣೆಯಾದದ್ದು 2006ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ. ಈ ನಡುವೆ ಬಾಗಲಕೋಟೆ ಪಟ್ಟಣದ ದೊಡ್ಡ ಭಾಗ, ಬೀಳಗಿ-ಜಮಖಂಡಿ ಕಡೆಯ ಎಷ್ಟೋ ಹಳ್ಳಿ, ಹೊಲ, ಗುಡಿ ನೀರಿನಡಿ ಹೋದವು. ತೊಂಬತ್ತರ ದಶಕದ ಕೊನೆಯಲ್ಲಿ ಪರಿಹಾರದ ಚೆಕ್ಕು ಹಿಡಿದು ನಮ್ಮ ಬ್ಯಾಂಕಿಗೆ ಬರುತ್ತಿದ್ದವರನ್ನು ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಹೆಬ್ಬೆಟ್ಟು ಒತ್ತಿದ ಮೇಲೆ ಕೆಲವರು ಪಾಸ್‌ಬುಕ್ ತೆಗೆದುಕೊಳ್ಳದೆ ಸುಮ್ಮನೆ ನಿಂತಿರುತ್ತಿದ್ದರು. ಕರೆದು ಕೈಗೆ ಕೊಡಬೇಕಾಗುತ್ತಿತ್ತು. ಅವರ ಹೊಲದ ಅಂಕಿ ನನ್ನ ಲೆಡ್ಜರಿನಲ್ಲಿತ್ತು. ಹೊಲ ಎಲ್ಲಿತ್ತೆಂದು ನೋಡಿದ್ದು ಈ ಸಂಜೆ.

ಹಿರಿಯರಿಗೆ ಹಕ್ಕಿಗಳ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. ರಾತ್ರಿ ಬಂದು ಕಡಲೆ ಚಿಗುರು ಮೇಯುತ್ತವೆ ಎಂದರು. ಡಬ್ಬಿ ಬಡಿದು ಓಡಿಸುತ್ತಾರೆ, ಅಷ್ಟೇ. “ಹಿಡ್ಯಾವ್ರು ಬರ್ತಾರ ಒಮ್ಮೊಮ್ಮೆ, ಬಲಿ ಹಾಕಾಕ. ನಾ ಬೈದ ಕಳಸ್ತೇನಿ. ನಮ್ಮ ಹೊಲದಾಗ ಕುಂತದ್ದನ್ನ ಅವರ್ಯಾಕ ಹಿಡೀಬೇಕು?” ಕಾಡುಬಾತು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಿರಿಯರ ಕಾಯ್ದೆ ಬೇರೆಯದು, ಆದರೆ ಜಾರಿಯಲ್ಲಿರುವುದು.

ಈಗ ಇನ್ನೊಂದು ಲೆಕ್ಕ ಮುಂದಿದೆ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ ಸದ್ಯ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಇದಕ್ಕೆ ಒಪ್ಪಿದೆ. ಮಹಾರಾಷ್ಟ್ರಕ್ಕೆ ಪ್ರವಾಹದ ಆತಂಕ, ಆಕ್ಷೇಪ ಇದ್ದೇ ಇದೆ. ವಿಜಯಪುರದ ಒಣಭೂಮಿಗೆ ನೀರು ಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸುಮಾರು 4.65 ಮೀಟರ್ ಎಂದರೆ ಎರಡಾಳು ಎತ್ತರಕ್ಕಿಂತ ಹೆಚ್ಚು. ನಾವು ನಿಂತಿದ್ದ ಜಾಗ, ಹಿರಿಯರ ಈಗಿನ ಕಡಲೆ ಹೊಲ, ಆಮೇಲೆ ನೀರಿನೊಳಗೆ. ಇನ್ನೊಮ್ಮೆ ಮನೆ, ಹೊಲ ಬಿಡುವವರ ಸಂಕಟ ಎಲ್ಲಕ್ಕಿಂತ ಮೊದಲಿನದು. ಬಾತುಗಳ ಮಾತು ಅದರ ನಂತರ. ಈಗಿನ ತೆಳುನೀರು ಆಳವಾಗುತ್ತದೆ, ತಲೆ ಕೆಳಗೆ ಮಾಡಿ ಮೇಯುವ ಬಾತಿಗೆ ತಳ ಸಿಗುವುದಿಲ್ಲ. ಹೊಸ ಅಂಚು ಮೇಲಿನ ನೆಲಕ್ಕೆ ಹೋಗುತ್ತದೆ. ಅಲ್ಲಿ ನೆಲ ಸಪಾಟಾಗಿದ್ದರೆ ಬಾತುಗಳಿಗೂ ಜಾಗ, ಕಡಿದಾಗಿದ್ದರೆ ಇಲ್ಲ. ಬೇಸಿಗೆಯಲ್ಲಿ ಮರಳು ದಿಬ್ಬ, ನಡುಗಡ್ಡೆಗಳ ಮೇಲೆ ಬರಿನೆಲಕ್ಕೇ ಮೊಟ್ಟೆ ಇಡುವ ರೀವ, ಟಿಟ್ಟಿಭಗಳಿಗೂ ಇದೇ ಪಾಡು. ಪಂಚತಂತ್ರದಲ್ಲಿ ಸಮುದ್ರ ಟಿಟ್ಟಿಭದ ಮೊಟ್ಟೆ ಸೆಳೆದುಕೊಂಡಾಗ ಅದರ ದೂರು ಗರುಡನವರೆಗೂ ಹೋಗಿತ್ತು. ನಮ್ಮ ಹೊಳೆಯ ಟಿಟ್ಟಿಭ ಯಾರ ಬಳಿ ಅರ್ಜಿ ಕೊಡಬೇಕು?

ನನಗೆ ತೋಚಿದ್ದು ಒಂದೇ: ನೀರು ಏರುವ ಮೊದಲು ಎಣಿಸಿಡಬೇಕು. ಇಂದಿನ ಬಾಕಿ ಬರೆದಿಡದಿದ್ದರೆ ನಾಳೆ ಎಷ್ಟು ಕಳೆದುಹೋಯಿತೆಂದು ಯಾರು ಹೇಳಬಲ್ಲರು? ಏಷ್ಯಾದ ನೀರಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಎಣಿಸುವವರಲ್ಲಿ ಹೆಚ್ಚಿನವರು ನಮ್ಮಂಥ ಹವ್ಯಾಸಿಗಳೇ. ಶಾಲೆಯ ಮಕ್ಕಳೂ ಶಿಕ್ಷಕರ ಜೊತೆ ತಮ್ಮೂರಿನ ಕೆರೆ, ಹೊಳೆ ದಂಡೆಯಲ್ಲಿ ಎಣಿಸಬಹುದು.

ಸಾವಿರ ಹಕ್ಕಿ ಎಣಿಸುವುದು ಹೇಗೆಂದು ಮೊಮ್ಮಗಳು ಕೇಳಿದಳು. ಅದು ನನ್ನ ಕಸುಬು. ನೋಟು ಎಣಿಸುವಾಗ ಮೊದಲು ನೂರರ ಕಟ್ಟು ಕಟ್ಟುತ್ತೇವೆ, ಆಮೇಲೆ ಕಟ್ಟುಗಳನ್ನು ಎಣಿಸುತ್ತೇವೆ. ಹಾಗೆಯೇ ಹಿಂಡಿನ ಒಂದು ತುದಿಯಲ್ಲಿ ಹತ್ತು ಹಕ್ಕಿ ಸರಿಯಾಗಿ ಎಣಿಸಿ, ಅದು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಿಗೆ ರೂಢಿ ಮಾಡಿಕೊಂಡು, ಅಂಥ ತುಂಡು ಎಷ್ಟಿವೆ ನೋಡುತ್ತಾ ಹೋಗಬೇಕು. ಎರಡು ಸಲ ಎಣಿಸಬೇಕು, ಇಬ್ಬರು ಎಣಿಸಬೇಕು. ಅವಳು ಹೆಬ್ಬಾತು, ಚಕ್ರವಾಕ, ನಾಮದ ಕೋಳಿ, ‘ಗೊತ್ತಿಲ್ಲದ ಬಾತು’ ಎಂದು ನಾಲ್ಕು ಕಾಲಂ ಹಾಕಿದಳು. ‘ಗೊತ್ತಿಲ್ಲದ’ ಕಾಲಂ ಇಟ್ಟದ್ದು ನನಗೆ ಬಹಳ ಹಿಡಿಸಿತು. ಹಿರಿಯರು ಪಕ್ಕದಲ್ಲಿ ಕೂತು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡು ಎಲ್ಲ ನೋಡಿದರು. ಕೊನೆಗೆ ಮೊತ್ತ ಕೇಳಿ, ಅಷ್ಟು ಜ್ವಾಳದ ಚೀಲ ಆ ಹೊಲದಾಗ ಎಂದೂ ಬಂದಿರಲಿಲ್ಲ ಎಂದು ನಕ್ಕರು.

ನೋಡಲು ಬರುವವರಿಗೆ ಒಂದೆರಡು ಮಾತು. ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ನಸುಕು ಅಥವಾ ಇಳಿಸಂಜೆ ಬನ್ನಿ, ಸೂರ್ಯ ನಿಮ್ಮ ಬೆನ್ನಿಗಿರಲಿ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ. ಸೇತುವೆಯ ಮೇಲೆ ವಾಹನ ನಿಲ್ಲಿಸಬೇಡಿ, ಕಬ್ಬಿನ ಲಾರಿಗಳು ಯಾರನ್ನೂ ನೋಡುವುದಿಲ್ಲ. ಹಕ್ಕಿ ಎದ್ದು ಹಾರಲೆಂದು ಕಲ್ಲು ಎಸೆಯುವ ಮಕ್ಕಳಿಗೆ ಅಜ್ಜಂದಿರು ಹೇಳಲಿ: ಅಷ್ಟು ದೂರ ಹಾರಿ ಬಂದ ಹಕ್ಕಿ ಇಲ್ಲಿ ಮೈಗೆ ಕೊಬ್ಬು ತುಂಬಿಕೊಂಡರೆ ಮಾತ್ರ ಮತ್ತೆ ಹಿಮಾಲಯ ದಾಟೀತು. ಮನೆಯ ಬಾತುಗಳನ್ನು ತಂದು ಹಿನ್ನೀರಿಗೆ ಬಿಡುವುದೂ ಬೇಡ. ರೋಗ ಅತ್ತಿಂದಿತ್ತ ಇತ್ತಿಂದತ್ತ ಹರಡುತ್ತದೆ. ಮತ್ತೆ, ದಂಡೆಯ ಎರೆಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು. ಹುಡುಗನ ಒಂದು ಚಪ್ಪಲಿ ಅಲ್ಲೇ ಉಳಿದಿದೆ. ಗುರುತಿಗೆ ನೀಲಿ ಪಟ್ಟಿ, ಎಡಗಾಲಿನದ್ದು.